ಬೆನ್ನಿಗೆ ಹತ್ತಿದ ಮಣ್ಣು

ತನಗೆಂದು ಹಾಕಿದ ಕುರ್ಚಿ ಕುಸ್ತಿಯ ಕಣಕ್ಕೆ ಬೆನ್ನು ಮಾಡಿ, ವೇದಿಕೆಗೆ ಮುಖ ಮಾಡಿಕೊಂಡಿದ್ದನ್ನು ನೋಡಿ ಬಸವೇಶ್ವರಿಗೆ ಅರ್ಧ ಸಿಟ್ಟು ಬಂತು, ಅರ್ಧ ನಗು. ಕುಸ್ತಿ ನೋಡಲಿಕ್ಕೆಂದೇ ಜನ ಸೇರಿದ ಬಯಲಿನಲ್ಲಿ ಕುಸ್ತಿ ಕಾಣದಂಥ ಜಾಗ ಇದ್ದದ್ದು ಒಂದೇ, ಅದನ್ನೇ ಹುಡುಕಿ ಅವಳಿಗೆ ಕೊಟ್ಟಿದ್ದರು. ಮರ್ಯಾದೆಯಿಂದಲೇ ಕೊಟ್ಟಿದ್ದರು, ಸುಳ್ಳಲ್ಲ. ಕುರ್ಚಿಯ ಮೇಲೆ ಬಿಳಿ ಟವೆಲ್ಲು ಹಾಸಿ, ಎದುರಿನ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟು, ಮೈಕಿನ ತಲೆಗೆ ಹೊಸ ಕೆಂಪು ಟೊಪ್ಪಿಗೆ ತೊಡಿಸಿದ್ದರು. ಹುನಗುಂದದ ಹಮಾಲರ ಸಂಘದ ಕಾರ್ಯದರ್ಶಿ ಅಂದಾನಪ್ಪ ಪಕ್ಕದಲ್ಲಿ ನಿಂತು, "ಕಣದ ಕಡೆ ಮಾರಿ ಮಾಡಿ ಹೆಣ್ಣಮಕ್ಕಳು ಕುಂತ್ರ ಪೈಲ್ವಾನರಿಗೆ ನಾಚಿಕಿ ಆಗ್ತೈತ್ರಿ ಮೇಡಂ, ಬರೇ ಚಡ್ಡಿ ಮ್ಯಾಲೆ ಇರ್ತಾರ ನೋಡ್ರಿ" ಎಂದು ತಾನೇ ನಾಚಿಕೊಂಡು ಕೆಮ್ಮಿದ. ಪೈಲ್ವಾನರ ನಾಚಿಕೆಯ ಗುತ್ತಿಗೆಯನ್ನು ಇವನಿಗೆ ಯಾರು ಕೊಟ್ಟರೋ. ಅವನು ಬೆನ್ನು ತಿರುಗಿಸಿದ ಕೂಡಲೆ ಬಸವೇಶ್ವರಿ ಎದ್ದು, ಕುರ್ಚಿಯನ್ನು ಎತ್ತಿ ತಿರುಗಿಸಿ, ಮೇಜನ್ನೂ ಎದುರಿಗೆ ಎಳೆದುಕೊಂಡು, ಕಣದ ಕಡೆ ಮುಖ ಮಾಡಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಅವಳಿಗೆ ತನ್ನ ಮೇಲೆಯೇ ಕಸಿವಿಸಿಯಾಯಿತು.

ವಿದ್ಯಾಗಿರಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಅವಳ ದನಿ ಚೆನ್ನಾಗಿದೆ ಎಂದು ಬಾಗಲಕೋಟೆಗೆಲ್ಲ ಗೊತ್ತು. ಎಲ್ಲಿ ವೇದಿಕೆ ಹಾಕಿದರೂ ನಿರೂಪಣೆಗೆ ಅವಳೇ ಬೇಕು. ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ ಕೊಡುಗೈ ದಾನಿಗಳೂ ಆದ ಎಂದು ಶುರು ಮಾಡಿದರೆ ಸಾಕು, ಆ ಸಾಲಿನ ಕೊನೆಗೆ ಯಾರ ಹೆಸರನ್ನು ಬೇಕಾದರೂ ಕೂರಿಸಬಹುದು. ಅವಳು ಕೂರಿಸಿದ್ದಳು ಕೂಡ, ತಿಂಗಳಿಗೊಬ್ಬರನ್ನು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಗಂಡ ಚೇತನಕುಮಾರ ಚಹದ ಕಪ್ಪಿನ ಮೇಲಿಂದ ನೋಡಿ, "ಹಮಾಲರ ಕುಸ್ತಿಗೆ ನಿರೂಪಣಿ ಏನ ಮಾಡ್ತೀಯೇ? ಅಲ್ಲೇನ ಕವಿಗೋಷ್ಠಿ ಇಟ್ಟಾರೇನು?" ಎಂದು ಚೇಷ್ಟೆ ಮಾಡಿದ್ದ. ಅತಿಥಿಗಳು ದೊಡ್ಡವರಂತೆ, ಒಲ್ಲೆ ಅನ್ನಲಿಕ್ಕೆ ಆಗಲಿಲ್ಲ ಎಂದಿದ್ದಳು. ಸುಳ್ಳು. ಅತಿಥಿ ಯಾರಾದರೇನು, ಯಾವ ಮಂಡಳಿಯ ಅಧ್ಯಕ್ಷನಾದರೇನು. ಅಂದಾನಪ್ಪ ಫೋನಿನಲ್ಲಿ ಕುಸ್ತಿಗಳ ಹೆಸರು ಹೇಳುತ್ತ, ನಡುವೆ ಉಪ್ಪಿನಕಾಯಿ ಬಡಿಸಿದ ಹಾಗೆ, "ಮತ್ತ ಇಳಕಲ್ಲ ಇಬ್ರಾಹಿಂಸಾಬಂದೂ ಒಂದ ಐತ್ರಿ, ಮುದುಕಂದು, ಅದೇನ ಅಷ್ಟ ಹೇಳೂದ ಬ್ಯಾಡ" ಎಂದಿದ್ದ. ಅವಳು ಒಪ್ಪಿಕೊಂಡದ್ದು ಆ ಮಾತು ಕಿವಿಗೆ ಬಿದ್ದ ಮೇಲೆ.

ಕಣದಲ್ಲಿ ಈಗ ಸಣ್ಣ ಜೋಡಿಗಳು ನಡೆದಿದ್ದವು. ಹಲಗಿಯ ಸದ್ದು ಹಳೆಯ ಗೋದಾಮಿನ ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿದ ವಾಸನೆ ಬಂದದ್ದೇ ತಡ, ಅವಳು ಇಳಕಲ್ಲಿನ ಮನೆಯ ಮಾಳಿಗೆಯ ಮೇಲೆ ಕೂತಿದ್ದಳು, ಮುಂದೆ ಅಮ್ಮ ಒಣಹಾಕಿದ ಹಪ್ಪಳ, ಕೆಳಗೆ ಗರಡಿಮನೆಯ ಅಂಗಳ. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡಬಾರದು, ಹಣಮಪ್ಪನಿಗೆ ನಡೆಯುವುದಿಲ್ಲ; ಆದರೆ ಮಾಳಿಗೆಯ ಮೇಲೆ ಕೂತು ಹಪ್ಪಳ ಕಾಯುವುದಕ್ಕೆ ಹಣಮಪ್ಪನ ತಕರಾರಿರಲಿಲ್ಲ. ಅಲ್ಲಿ ಆಗಿನ್ನೂ ಮೀಸೆ ಮೂಡುತ್ತಿದ್ದ ಇಬ್ರಾಹಿಂಸಾಬ ತನಗಿಂತ ದಪ್ಪನೆಯವರ ಕೆಳಗೆ ಬಿದ್ದು, ಅಲ್ಲಿಂದಲೇ ಅವರನ್ನು ಸುಸ್ತು ಮಾಡುತ್ತಿದ್ದ. ಕುಸ್ತಿಗೆ ಮೊದಲು ಇಬ್ಬರೂ ಹಿಡಿ ಹಿಡಿ ಮಣ್ಣು ತೆಗೆದು ಒಬ್ಬರ ಮೈಗೊಬ್ಬರು ಸವರುತ್ತಾರೆ, ಬೆವತ ಮೈಯಲ್ಲಿ ಹಿಡಿತ ಜಾರಬಾರದೆಂದು. ಎದೆ, ತೋಳು, ಬೆನ್ನು ಎಲ್ಲ ಕೆಂಪಾಗುತ್ತದೆ. ಒಂದು ಮಧ್ಯಾಹ್ನ ಅವಳು ಕೆಳಗೆ ಓಡಿ ಹೋಗಿ, ಮಗ್ಗದ ಕುಣಿಯೊಳಗೆ ಕಾಲು ಬಿಟ್ಟು ಕೂತ ಅಪ್ಪನನ್ನು ಕೇಳಿದ್ದಳು: ಎಲ್ಲಾರ ಬೆನ್ನಿಗೂ ಮೊದಲ ಮಣ್ಣ ಹತ್ತಿರ್ತೈತಲ್ಲಪ್ಪಾ, ಮತ್ತ ಯಾರ ಬಿದ್ರು ಅಂತ ಹೆಂಗ ಗೊತ್ತಾಗತೈತಿ? ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. "ಬೆನ್ನ ಏನೂ ಹೇಳಂಗಿಲ್ಲವ್ವ. ನೋಡಿದವರು ಹೇಳಬೇಕು" ಎಂದ. ಮೇಲಿಂದ ಅಮ್ಮ ಸಾವಿತ್ರೆವ್ವನ ಕೂಗು ಬಂತು, ಹಪ್ಪಳ ಕಾಗಿ ಒಯ್ದಿತ್ತು.

ಆಮೇಲಿನ ವರ್ಷಗಳಲ್ಲಿ ಅವಳು ಇಬ್ರಾಹಿಂಸಾಬನ ಕುಸ್ತಿಗಳನ್ನು ನೋಡಿದ್ದೆಲ್ಲ ಕದ್ದುಮುಚ್ಚಿಯೇ. ಓದಿದ ಹೆಣ್ಣುಮಗಳು, ಉಪನ್ಯಾಸಕಿ, ಮೀಸೆ ಬೆಳ್ಳಗಾದ ಒಬ್ಬ ಟೆಂಪೊ ಚಾಲಕ ಲಂಗೋಟಿ ಕಟ್ಟಿಕೊಂಡು ಮಣ್ಣಿನಲ್ಲಿ ಹೊರಳುವುದನ್ನು ಯಾಕೆ ನೋಡುತ್ತಾಳೆ ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೆ ಅವಳ ಬಳಿ ಮಾತಿರಲಿಲ್ಲ. ಊರ ಸಾಕಾರಮೂರ್ತಿಗಳಿಗೆಲ್ಲ ಮಾತು ಕೊಟ್ಟವಳಿಗೆ. ಯಾರೋ ಫೋನಿನಲ್ಲಿ ಹಿಡಿದು ಹಾಕಿದ ವಿಡಿಯೊಗಳು, ಅಲುಗಾಡುವವು, ಮುಂದೆ ನಿಂತವನ ಟೊಪ್ಪಿಗೆ ಅಡ್ಡ ಬರುವವು. ಸ್ಟಾಫ್ ರೂಮಿನಲ್ಲಿ ಸದ್ದಿಲ್ಲದೆ ನೋಡುತ್ತಿದ್ದರೆ ಉಳಿದವರು ಅವಳು ಕವಿತೆ ಓದುತ್ತಿದ್ದಾಳೆಂದು ತಿಳಿಯುತ್ತಿದ್ದರು. ಒಮ್ಮೆ ಗಂಡನ ಮನೆಯವರೆಲ್ಲ ಶಿವಯೋಗ ಮಂದಿರಕ್ಕೆ ಹೋಗಿ ಬಾದಾಮಿಯ ಮೇಲೆ ಹಾದು ಬರುವಾಗ, ಊರ ಹೊರಗಿನ ಬಯಲಿನಲ್ಲಿ ಅವನು ಕಣಕ್ಕಿಳಿಯುವುದು ಕಂಡಿತ್ತು. ತಲೆ ಸುತ್ತುತ್ತದೆ, ನೀವು ಚಹ ಕುಡಿದು ಬನ್ನಿ ಎಂದು ಕಾರಿನಲ್ಲೇ ಉಳಿದು, ಮುಂದಿನ ಗಾಜಿನಿಂದ ಆ ಕುಸ್ತಿಯನ್ನು ಪೂರ್ತಿ ನೋಡಿದ್ದಳು. ಪೂರ್ತಿ ಎನ್ನುವುದೂ ಸುಳ್ಳೇ. ಅವನ ಕುಸ್ತಿಯನ್ನು ಪೂರ್ತಿ ಯಾರೂ ನೋಡಿಲ್ಲ. ಅಂದು ಕೂಡ ಯಾರೋ ಸ್ವಾಮಿಗಳೋ ಸಾಹೇಬರೋ ಬಂದರು, ಮೈಕು "ಬರಾಬರಿ" ಎಂದಿತು, ಹಲಗಿ ನಿಂತಿತು, ಪಂಚರು ಇಬ್ಬರನ್ನೂ ಬಿಡಿಸಿ ಇಬ್ಬರ ಕೈಯನ್ನೂ ಮೇಲೆತ್ತಿದರು, ಶಾಲು ಹೊದಿಸುವುದು ಶುರುವಾಯಿತು. ದೊಡ್ಡ ಕುಸ್ತಿಗಳನ್ನು ಯಾರೂ ಹಾಗೆ ಬಿಡಿಸುವುದಿಲ್ಲ, ಅವು ಒಬ್ಬರ ಎರಡೂ ಹೆಗಲು ಮಣ್ಣಿಗೆ ಹತ್ತಿ ಚಿತ್ ಬೀಳುವ ತನಕ ನಡೆಯಲೇಬೇಕು. ನಡುವಿನ ತೂತು ಮುಚ್ಚಲಿಕ್ಕೆ ಇಬ್ರಾಹಿಂಸಾಬ. ಅವನು ಹತ್ತಾರು ಊರಲ್ಲಿ ಹಿಡಿದದ್ದು ಕುಸ್ತಿಯಲ್ಲ, ಅತಿಥಿಗಳ ದಾರಿ ಕಾಯುವ ಹೊತ್ತು.

ಆದರೂ ಅವನ ಆಟ ಎಂಥದ್ದು! ನಿಂತು ಎತ್ತಿ ಒಗೆಯುವ ಕುಸ್ತಿ ಯಾರಿಗೂ ಕಾಣುತ್ತದೆ, ಸಿಳ್ಳೆ ಬೀಳುತ್ತದೆ. ಇವನದು ಕೆಳಗಿನ ಕುಸ್ತಿ. ತಾನಾಗಿಯೇ ಮಂಡಿಯೂರಿ, ಹೊಟ್ಟೆಯನ್ನು ಮಣ್ಣಿಗೆ ಹಚ್ಚಿ, ಮೊಣಕೈ ಪಕ್ಕೆಗೆ ಒತ್ತಿ, ಗದ್ದವನ್ನು ಎದೆಯೊಳಗೆ ಹುಗಿದು ಕೂತನೆಂದರೆ ಮುಗಿಯಿತು, ಮೇಲಿನವನು ಏನು ಮಾಡಿದರೂ ತಿರುವಲಿಕ್ಕಾಗದು. ಜನಕ್ಕೆ ಕಾಣುವುದು ಕೆಳಗೆ ಬಿದ್ದ ಒಬ್ಬ ಮುದುಕ. ಬಸವೇಶ್ವರಿಗೆ ಕಾಣುವುದು ಬೇರೆ: ಮೇಲಿನವನು ಎಳೆದರೆ ಅವನು ಎಳೆದಷ್ಟೇ ಬರುವುದು, ನೂಕಿದರೆ ನೂಕಿದಷ್ಟೇ ಹೋಗುವುದು, ಮತ್ತು ಅಷ್ಟರೊಳಗೆ ತಾನು ಮೊದಲಿದ್ದ ಜಾಗಕ್ಕಿಂತ ಬೆರಳಷ್ಟು ಒಳ್ಳೆಯ ಜಾಗದಲ್ಲಿ ಕೂತಿರುವುದು. ಎಷ್ಟೋ ಸಲ ಮನೆಯಲ್ಲಿ, ಕಾಲೇಜಿನಲ್ಲಿ, ಯಾರೋ ಹಿರಿಯರು ತನ್ನ ಮಾತನ್ನು ನಡುವೆ ಕತ್ತರಿಸಿ ಚಹ ತರಲಿಕ್ಕೆ ಹೇಳಿದಾಗ ಅವಳು ಆ ಕೂರುವಿಕೆಯನ್ನು ನೆನೆಸಿಕೊಂಡದ್ದುಂಟು. ಬೆನ್ನು ಕೊಡಬಾರದು, ಅಷ್ಟೇ. ಉಳಿದದ್ದು ಆಮೇಲೆ. ಆದರೆ ಬೆನ್ನು ಕೊಡದೆ ಕೂತವಳು ಎದ್ದದ್ದು ಯಾವಾಗ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಉತ್ತರ ಗೊತ್ತಿರಲಿಲ್ಲ.

"ಅಕ್ಕಾರ, ಒಂದ ಗುಟುಕ ನೀರ ಕೊಡ್ರಿ."

ತಲೆಯೆತ್ತಿದಳು. ಅವನೇ. ಹೆಗಲ ಮೇಲೆ ಟವೆಲ್ಲು, ಮುರಿದು ಮುದ್ದೆಯಾದ ಕಿವಿಗಳು, ಹೊಟ್ಟೆ ತುಸು ಮುಂದೆ ಬಂದಿತ್ತು, ಕತ್ತು ಮಾತ್ರ ಹಾಗೇ ಇತ್ತು. ಇಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಇದೇ ಮೊದಲು. ಬಾಟಲಿ ಕೊಟ್ಟಳು. ನಿಮ್ಮ ಕುಸ್ತಿ ಎಲ್ಲ ನೋಡಿದ್ದೇನೆ ಎನ್ನಬೇಕೆಂದಿತ್ತು, ಕೈಯಲ್ಲುಳಿದ ಮುಚ್ಚಳವನ್ನು ತಿರುವುತ್ತ ಕೂತಳು. ಅವನು ತುಟಿಗೆ ತಾಗಿಸದೆ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ತಿರುಗಿಸಿ ಹಾಕಿದ ಕುರ್ಚಿಯನ್ನೊಮ್ಮೆ ನೋಡಿದ.

"ನಿಮ್ದು ಇಳಕಲ್ಲ ಅಲ್ಲೇನ್ರಿ? ಗರಡಿ ಹಿಂದಿನ ಮಾಳಗಿ ಮನಿ?"

"ಹೌದ್ರಿ. ನಿಮಗ್ಯಾಂಗ ಗೊತ್ತು?"

"ಹಪ್ಪಳ ಕಾಗಿ ಒಯ್ಯಾಕತ್ರೂ ಒಂದ ಹುಡುಗಿ ಕಣ್ಣ ಮಿಟಕಸ್ತಿದ್ದಿಲ್ರಿ" ಎಂದು ನಕ್ಕ. ಆಮೇಲೆ ನಗು ತೆಗೆದಿಟ್ಟು, "ಅಕ್ಕಾರ, ಒಂದ ಮಾತ. ನಮ್ಮ ಕುಸ್ತಿ ಬಿಡಸಬ್ಯಾಡ್ರಿ. ಹೋದಲ್ಲೆಲ್ಲಾ ಬರಾಬರಿ ಅಂತ ಕೈ ಎತ್ತಿಸಿ ಕಳಸ್ತಾರ. ಸೋತ್ರ ಸೋಲ್ತೇನ್ರಿ, ಅದಕ್ಕೇನ. ಬರಾಬರಿ ಮಾಡಿ ಮಾಡಿ ನನ್ನ ಜೀವಂತ ಗೋಡಿಗೆ ಹಾಕ್ಯಾರ, ಫೋಟೋ ಹಾಕಿದಂಗ" ಎಂದ.

"ಬಿಡಸೂದು ಬಿಡೂದು ನನ್ನ ಕೈಯಾಗಿಲ್ರಿ."

"ಮೈಕ ನಿಮ್ಮ ಕೈಯಾಗ ಐತಲ್ರಿ" ಎಂದು ಅವನು ಟವೆಲ್ಲನ್ನು ಮೇಜಿನ ಮೂಲೆಗೆ ಇಟ್ಟು ಕಣದ ಕಡೆ ನಡೆದ.

ಎದುರಾಳಿ ಯಮನಪ್ಪ ಮುಧೋಳದ ಕಡೆಯ ತರುಣ, ತೋಳು ತೊಡೆ ಎಲ್ಲ ಬಿಗಿದು ನಿಂತವ. ಮುದುಕನ ಜೋಡಿ ಹಚ್ಚಿದ್ದಾರೆಂದು ಅವನಿಗೆ ಬೇಜಾರಾಗಿದ್ದು ಮುಖದ ಮೇಲೆಯೇ ಇತ್ತು. ಇಬ್ಬರೂ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು, ಹಿಡಿ ತುಂಬ ತೆಗೆದು ಒಬ್ಬರ ಮೈಗೊಬ್ಬರು ಸವರಿದರು. ಇಬ್ರಾಹಿಂಸಾಬ ಹುಡುಗನ ಬೆನ್ನಿಗೆ ನಿಧಾನಕ್ಕೆ, ಎಲ್ಲೂ ಬಿಡದ ಹಾಗೆ ಹಚ್ಚಿದ. ಹಲಗಿ ಎದ್ದಿತು. ಸ್ವಲ್ಪ ಹೊತ್ತು ಕತ್ತಿಗೆ ಕೈ ಹಾಕಿ ತೂಗಾಡಿದ ಮೇಲೆ ಹುಡುಗ ಕಾಲಿಗೆ ನುಗ್ಗಿದ, ಮುದುಕ ಜಾರಿ ಕೆಳಗೆ ಕೂತ. ಕೂತದ್ದೇ ತಡ ಜನ ಶುರು ಮಾಡಿದರು. "ಏ ಸಾಬಣ್ಣಾ, ಹಾಸಗಿ ತರಬೇಕೇನಪಾ?" "ಏಳೋ ಮುತ್ಯಾ, ನಮಾಜಿನ ಹೊತ್ತಾತು!" ನಕ್ಕರು. ಬಸವೇಶ್ವರಿಯ ಕೆನ್ನೆ ಬಿಸಿಯಾಯಿತು. ಅವಮಾನ ಅವನದಲ್ಲ, ಅವನಿಗೆ ಅದು ಕೇಳಿಸುತ್ತಿರಲೂ ಇಲ್ಲ, ಅವನ ಕಿವಿ ಯಮನಪ್ಪನ ಉಸಿರಿನ ಮೇಲಿತ್ತು. ಅವಮಾನ ತನ್ನದು. ಮೈಕು ಎದುರಿಗಿಟ್ಟುಕೊಂಡು, ನೋಡುತ್ತಿರುವುದು ಏನೆಂದು ಗೊತ್ತಿದ್ದೂ, ದಾನಿಗಳ ಹೆಸರು ಓದುತ್ತ ಕೂತವಳದು. ಯಾರೋ ಚೀಟಿ ತಂದುಕೊಟ್ಟಿದ್ದರು, ಓದಿದ್ದಳು, ತನ್ನ ದನಿ ತನಗೇ ಕೇಳುತ್ತಿತ್ತು, ಮೃದುವಾಗಿ, ಚೊಕ್ಕಟವಾಗಿ, ಒಬ್ಬ ಮನುಷ್ಯ ತನ್ನ ಎಲುಬಿನ ಬಲವನ್ನೆಲ್ಲ ಹಾಕಿ ಮಣ್ಣು ಹಿಡಿದಿರುವುದರ ಮೇಲೆ ಹೂವಿನ ರಂಗೋಲಿ ಹಾಕುವ ಹಾಗೆ. ಮುಂದಿನ ಚೀಟಿ ಬಂತು. ಅದನ್ನು ಓದದೆ ನೀರಿನ ಬಾಟಲಿಯ ಕೆಳಗಿಟ್ಟಳು.

ಯಮನಪ್ಪ ಮೇಲೆ ಹತ್ತಿ, ಕಂಕುಳಲ್ಲಿ ತೋಳು ತೂರಿಸಿ ಕತ್ತನ್ನು ಒತ್ತಿ ಒತ್ತಿ ನೋಡಿದ. ಮುದುಕ ಬರಲಿಲ್ಲ. ಚಡ್ಡಿಯ ಪಟ್ಟಿ ಹಿಡಿದು ಎತ್ತಿದ. ಎದ್ದ ಹಾಗೆ ಮಾಡಿ ಇನ್ನೊಂದು ಕಡೆ ಕೂತ. ಹುಡುಗನ ಬೇಜಾರು ಹೋಗಿತ್ತು, ಈಗ ಅವನ ಮುಖದಲ್ಲಿ ಲೆಕ್ಕ ತಪ್ಪಿದವನ ಗಾಬರಿ. ಬಸವೇಶ್ವರಿ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಅವಳಿಗೆ ಗೊತ್ತಿತ್ತು: ಇಬ್ರಾಹಿಂಸಾಬನ ಎಡಗಾಲ ಹೆಬ್ಬೆರಳು ಮಣ್ಣಿನೊಳಗೆ ಇಳಿದರೆ ಅವನು ಉರುಳಲಿಕ್ಕೆ ಸಿದ್ಧನಾದ ಎಂದರ್ಥ. ಮೇಲಿನವನ ತೋಳನ್ನು ತನ್ನ ಪಕ್ಕೆಗೆ ಸಿಕ್ಕಿಸಿಕೊಂಡು, ಅವನನ್ನೂ ಕಟ್ಟಿಕೊಂಡು ಪಕ್ಕಕ್ಕೆ ಉರುಳುತ್ತಾನೆ. ಉರುಳುವಾಗ ತನ್ನ ಹೆಗಲು ನೆಲಕ್ಕೆ ತಾಗದ ಹಾಗೆ ನೆತ್ತಿಯ ಮೇಲೆ ಭಾರ ಕೊಟ್ಟು ಕಮಾನಾಗಿ ದಾಟುತ್ತಾನೆ. ದಾಟಿದರೆ ಮೇಲಿದ್ದವನು ಕೆಳಗೆ. ಮಾಳಿಗೆಯಿಂದ ಎಷ್ಟು ಸಲ ನೋಡಿದ್ದಳು. ಈಚಿನ ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ, ಅಲ್ಲಿಯ ತನಕ ಯಾರೂ ಬಿಟ್ಟಿರಲಿಲ್ಲ.

ಹೆಬ್ಬೆರಳು ಮಣ್ಣಿಗಿಳಿಯಿತು. ಅದೇ ಹೊತ್ತಿಗೆ ಗೋದಾಮಿನ ಆಚೆ ಪಟಾಕಿ ಹಾರಿದವು, ಬಿಳಿ ಕಾರುಗಳು ಬಯಲಿಗೆ ನುಗ್ಗಿದವು. ಜನವೆಲ್ಲ ಒಮ್ಮೆಲೆ ಅತ್ತ ತಿರುಗಿದರು. ಹಲಗಿಯವನು ಬಾರಿಸುತ್ತಲೇ ಅತ್ತ ತಿರುಗಿದ. ಪಂಚರು ಮೂವರೂ ಅಂಗಿ ಸರಿ ಮಾಡಿಕೊಂಡು ಹಾರ ಹಿಡಿದವರ ಹಿಂದೆ ಓಡಿದರು, ಫೋಟೋದಲ್ಲಿ ಬರದಿದ್ದರೆ ಪಂಚನಾಗಿ ಏನು ಬಂತು. ಅಂದಾನಪ್ಪ ಏದುಸಿರು ಬಿಡುತ್ತ ಮೇಜಿಗೆ ಬಂದ.

"ಸಾಹೇಬ್ರು ಬಂದ್ರು ಮೇಡಂ. ಬರಾಬರಿ ಅಂದಬಿಡ್ರಿ ಲಗೂನ. ಸ್ವಾಗತ ಶುರು ಮಾಡ್ರಿ."

"ಕುಸ್ತಿ ನಡದೈತ್ರಿ" ಎಂದಳು ಬಸವೇಶ್ವರಿ, ಕಣದಿಂದ ಕಣ್ಣು ತೆಗೆಯದೆ.

"ಅಯ್ಯ, ಆ ಮುದುಕಂದೇನ್ರಿ, ಬೆಳತನಕಾ ಹಂಗ ಕುಂದರ್ತಾನ. ಬರಾಬರಿ ಅನ್ರಿ, ಅವನಿಗೂ ಮರ್ಯಾದಿ ಉಳೀತೈತಿ."

"ಅನ್ನಂಗಿಲ್ಲ."

ತನ್ನ ಬಾಯಿಂದ ಆ ಮಾತು ಇಷ್ಟು ಬೋಳಾಗಿ ಬಂದದ್ದು ಕೇಳಿ ಅವಳಿಗೇ ಅಚ್ಚರಿಯಾಯಿತು. ಒಲ್ಲೆ ಎನ್ನುವುದಕ್ಕೆ ಅವಳು ಯಾವಾಗಲೂ ಒಂದು ಸೀರೆ ಉಡಿಸಿ ಕಳಿಸುತ್ತಿದ್ದಳು. ಆರೋಗ್ಯ ಸರಿಯಿಲ್ಲ, ಪರೀಕ್ಷೆಯ ಕೆಲಸ ಇದೆ, ಮುಂದಿನ ಸಲ ಖಂಡಿತ. ಅಂದಾನಪ್ಪ ಮೈಕಿಗೆ ಕೈ ಹಾಕಿದ. ಅವಳು ಅದನ್ನು ಎದೆಗೆ ಒತ್ತಿ ಹಿಡಿದು ಎದ್ದು ನಿಂತಳು, ಗುಂಡಿ ಒತ್ತಿದಳು, ಮತ್ತು ವರ್ಷಗಟ್ಟಲೆ ವೇದಿಕೆಗಳ ಮೇಲೆ ಬಾರದ ಮನೆಯ ಮಾತು ಬಂತು: "ಯಾರೂ ಅಲ್ಲಾಡಬ್ಯಾಡ್ರಿ! ಇತ್ತಾಗ ನೋಡ್ರಿ! ಇಬ್ರಾಹಿಂಸಾಬ ತೋಳ ಸಿಗಿಸ್ಯಾನ..."

ಅಷ್ಟರಲ್ಲಿ ಅವನು ಉರುಳಿದ್ದ. ಜನ ಮುಖ ತಿರುಗಿಸುವಷ್ಟರ ಆ ಸಣ್ಣ ಹೊತ್ತಿನಲ್ಲಿ ಅವಳೊಬ್ಬಳೇ ನೋಡಿದಳು. ತಲೆ ನೆಲಕ್ಕೂರಿತು, ಮೈ ಕಮಾನಾಗಿ ಎದ್ದಿತು, ಇನ್ನೇನು ದಾಟಿದ ಎನ್ನುವಾಗ ಯಮನಪ್ಪ ಬಿಡಿಸಿಕೊಳ್ಳಲಿಕ್ಕೆ ನೋಡದೆ, ಉಲ್ಟಾ, ಎದೆಯ ಭಾರವನ್ನೆಲ್ಲ ಅವನ ಮೇಲೆ ಬಿಟ್ಟ. ಬುದ್ಧಿವಂತ ಹುಡುಗ. ಆ ಕತ್ತು, ಅಷ್ಟು ವರ್ಷ ಮಣಿಯದ ಕತ್ತು, ಒಂದು ಸಲ ನಡುಗಿ ಮಣಿಯಿತು. ಇಬ್ರಾಹಿಂಸಾಬನ ಎರಡೂ ಹೆಗಲು ಒಟ್ಟಿಗೆ ಮಣ್ಣಿಗೆ ಹತ್ತಿದವು. ಹತ್ತಿದ್ದು ಹುಡುಗನಿಗೂ ಗೊತ್ತಾಯಿತು. ಗೆದ್ದೆ ಎಂದುಕೊಂಡು ಅವನು ಹಿಡಿತ ಸಡಿಲಿಸಿದ, ಪಂಚರ ಸೀಟಿಗೆ ಕಾದ. ಸೀಟಿ ಇಲ್ಲ. ಶುರುವಾದ ಉರುಳು ತನ್ನಷ್ಟಕ್ಕೆ ಮುಗಿಯಿತು. ಜನ ತಿರುಗಿ ನೋಡುವಾಗ ಮುದುಕ ಮೇಲಿದ್ದ, ಹುಡುಗ ಅಂಗಾತ ಬಿದ್ದಿದ್ದ.

ಬಯಲು ಹೋ ಎಂದಿತು. ಹಾಸಿಗೆ ತರಲೇ ಎಂದವರೇ ಟವೆಲ್ಲು ತೂರಿದರು, ಇಬ್ರಾಹಿಂಸಾಬ, ಇಬ್ರಾಹಿಂಸಾಬ ಎಂದು ಕೂಗಿದರು. ಪಂಚರು ಓಡಿ ಬಂದು ಅವನ ಕೈ ಹಿಡಿದೆತ್ತಿದರು. ಎಷ್ಟು ವರ್ಷದಿಂದ ಬಸವೇಶ್ವರಿ ಕೇಳಬೇಕೆಂದುಕೊಂಡ ಕೂಗು ಇದು, ಮತ್ತು ಇದು ಸುಳ್ಳು. ಯಮನಪ್ಪ ಮಣ್ಣಿನಲ್ಲೇ ಕೂತು, "ಮೊದಲ ಅವರ ಬೆನ್ನ ಹತ್ತೇತ್ರಿ, ಖರೇನ ಹೇಳ್ತೇನಿ" ಎಂದ. ಜನ ಅವನನ್ನು ಹೀಯಾಳಿಸಿದರು. ಬೆನ್ನು ನೋಡಿದರೆ ಇಬ್ಬರದೂ ಕೆಂಪು. ಸುಮ್ಮನಿದ್ದರೆ ಸಾಕು ಎಂದು ಅವಳಿಗೆ ಅನ್ನಿಸಿತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅವನಿಗೆ ಒಂದು ಗೆಲುವು ಬಾಕಿ ಇತ್ತಲ್ಲ, ಊರೂರಿನ ಮೈಕುಗಳೆಲ್ಲ ಕಸಿದುಕೊಂಡದ್ದು. ಒಂದನ್ನು ಈ ಮೈಕು ತಿರುಗಿ ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಹುಡುಗನಿಗೆ ಇನ್ನೂ ಎಷ್ಟೋ ಕಣಗಳಿವೆ.

ಇಬ್ರಾಹಿಂಸಾಬ ಪಂಚರ ಹಿಡಿತದಿಂದ ಕೈ ಎಳೆದುಕೊಂಡ. "ನನ್ನ ಬೆನ್ನ ಹತ್ತೇತಿ. ಹುಡುಗಂದು ಖರೆ ಐತಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಂದಾನಪ್ಪನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು, ತಪ್ಪಾಗಿ ತಿಳಿಯಿತು. ಅವನ ಕಣ್ಣು ಒದ್ದೆಯಾದವು. "ನೋಡ್ರಿ, ನೋಡ್ರಿ ಹಿರೇರ ಮನಸ್ಸು! ಗೆದ್ದ ಕುಸ್ತಿ ಸಣ್ಣ ಹುಡುಗಗ ಬಿಟ್ಟಕೊಟ್ರು!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳು ಕಾರಿನಿಂದಿಳಿದು ಕಣದ ಅಂಚಿಗೆ ಬಂದು, ಇಂಥವರಿಗೇ ಶಾಲು ಹೊದಿಸಬೇಕು ಎಂದರು. ಅವರ ಸಲುವಾಗಿ ತಂದ ಶಾಲೇ ಬಿಚ್ಚಿಕೊಂಡಿತು. "ಮೇಡಂ, ಇದನ್ನ ಚೆಂದಗೆ ಹೇಳ್ರಿ, ನಿಮಗ ಬರ್ತೈತಿ" ಎಂದ ಅಂದಾನಪ್ಪ, ಸಿಟ್ಟೆಲ್ಲ ಮರೆತು. ಹೌದು, ಬರುತ್ತಿತ್ತು. ಸೋಲಿನಲ್ಲಿ ಗೆಲುವು ಕಂಡ ಮಹಾನುಭಾವ, ತ್ಯಾಗಮೂರ್ತಿ. ಸಾಲುಗಳು ನಾಲಿಗೆಯ ತುದಿಗೆ ತಾವೇ ಬಂದು ನಿಂತವು, ಸಾಕಿದ ಪಾರಿವಾಳಗಳ ಹಾಗೆ. ಅವಳು ಇಬ್ರಾಹಿಂಸಾಬನ ಮುಖ ನೋಡಿದಳು. ಜನ ನಕ್ಕಾಗ ಏನೂ ಆಗದಿದ್ದ ಮುಖ ಈಗ ಸುಟ್ಟಂತಾಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಬೆನ್ನು ಕೊಡದವನು, ಒಬ್ಬ ಹುಡುಗ ತನ್ನ ಬಲದಿಂದ ತೆಗೆದುಕೊಂಡ ಬೆನ್ನನ್ನು, ದಾನ ಮಾಡಿದನೆಂದು ಇವರು ಶಾಲು ಹೊದಿಸುತ್ತಿದ್ದರು. ಬರಾಬರಿಗಿಂತ ಕಡೆ ಇದು.

"ಅಕ್ಕಾರ" ಎಂದ ಅವನು, ದೂರದಿಂದಲೇ, ಶಾಲನ್ನು ಕೈಯಿಂದ ತಡೆದು. "ನೀವು ನೋಡೀರಿ. ನೋಡಿದ್ದ ಹೇಳ್ರಿ."

ಬೆನ್ನು ಏನೂ ಹೇಳುವುದಿಲ್ಲ. ಅವಳು ಮೇಜು ದಾಟಿ ಕಣದ ಅಂಚಿಗೆ ನಡೆದಳು, ಮೈಕಿನ ವಯರು ಎಳೆದಷ್ಟೂ ಬಂತು. ಮುಂದಿನ ಸಾಲಿನ ಮುದುಕನೊಬ್ಬ, "ತಂಗೀ, ಹೆಣ್ಣಮಕ್ಳ ಆ ಮಣ್ಣ ತುಳೀಬಾರದು" ಎಂದ. "ನಾ ನಿಂತೇನಷ್ಟರಿ ಯಜ್ಜಾ, ಕುಸ್ತಿ ಹಿಡ್ಯಾಕ ಬಂದಿಲ್ಲ" ಎಂದಳು. ಯಾರೋ ನಕ್ಕರು. ಅವಳು ಮೈಕನ್ನು ಬಾಯಿಗೆ ಹಿಡಿದಳು.

"ಯಾರೂ ಯಾರಿಗೂ ಬಿಟ್ಟಕೊಟ್ಟಿಲ್ಲ. ನೀವೆಲ್ಲಾ ಕಾರ ನೋಡಾಕತ್ತಿದ್ರಿ, ನಾ ಕುಸ್ತಿ ನೋಡಾಕತ್ತಿದ್ದೆ. ಇಬ್ರಾಹಿಂಸಾಬರು ಕೆಳಗ ಕುಂತಿದ್ದು ಸುಸ್ತಾಗಿ ಅಲ್ಲ, ಅವರ ಆಟನ ಅಲ್ಲಿಂದ ಶುರುವಾಗತೈತಿ. ಇಷ್ಟ ಗಟ್ಟಿ ಹುಡುಗ ಅಷ್ಟ ಹೊತ್ತು ತಿರುವಿದ್ರೂ ಅವರನ್ನ ತಿರುವಾಕ ಆಗಲಿಲ್ಲ, ಅದನ್ನ ನೋಡಿದ್ರೇನು ನೀವು? ನಕ್ಕಿರಿ. ಹುಡುಗನ ತೋಳ ಪಕ್ಕಿಗೆ ಸಿಗಿಸಿಕೊಂಡು ನೆತ್ತಿ ಮ್ಯಾಲೆ ದಾಟಿದ್ರು, ಆ ಡಾವು ಈ ಭಾಗದಾಗ ಇನ್ನೊಬ್ಬರು ಹಾಕೂದ ನಾ ನೋಡಿಲ್ಲ. ದಾಟೂ ಮುಂದ ಯಮನಪ್ಪ ಓಡಲಿಲ್ಲ, ಎದಿ ಒತ್ತಿದ. ಒತ್ತಬೇಕಂತ ಗೊತ್ತಾಗಾಕ ಜಾಣತನ ಬೇಕು. ಕತ್ತ ಮಣೀತು, ಎರಡೂ ಹೆಗಲ ಕೂಡೇ ಮಣ್ಣಿಗೆ ಹತ್ತಿದವು. ಆಮ್ಯಾಲಿನ ಉರುಳು ಲೆಕ್ಕಕ್ಕಿಲ್ಲ. ಇದು ಚಿತ್ ಕುಸ್ತಿ, ಬರಾಬರಿ ಅಲ್ಲ. ಗೆದ್ದವರು ಯಮನಪ್ಪ." ಒಂದು ಸಲ ಉಸಿರು ತೆಗೆದುಕೊಂಡಳು. ಸೋತವರ ಹೆಸರನ್ನು ಮೈಕಿನಲ್ಲಿ ಹೇಳುವ ಪದ್ಧತಿ ಯಾವ ಕಣದಲ್ಲೂ ಇಲ್ಲ. "ಸೋತವರು ಇಳಕಲ್ಲ ಗರಡಿಯ ಇಬ್ರಾಹಿಂಸಾಬ ಪೈಲ್ವಾನರು."

ಚಪ್ಪಾಳೆ ಬೀಳಲಿಲ್ಲ. ನಕ್ಕವರು ಈಗ ತಾವು ನೋಡದೆ ಬಿಟ್ಟದ್ದು ಏನೆಂದು ಹುಡುಕುವ ಹಾಗೆ ಖಾಲಿ ಮಣ್ಣನ್ನು ನೋಡುತ್ತಿದ್ದರು. ಅತಿಥಿಗಳ ಕೈಯಲ್ಲಿ ಶಾಲು ಜೋತುಬಿದ್ದಿತ್ತು. ಇಬ್ರಾಹಿಂಸಾಬ ಯಮನಪ್ಪನನ್ನು ಕೈ ಹಿಡಿದು ಎಬ್ಬಿಸಿ, ಹುಡುಗನ ತೋಳನ್ನು ತಾನೇ ಮೇಲಕ್ಕೆ ಎತ್ತಿದ, ಎತ್ತಿ ಕಣವನ್ನು ಒಂದು ಸುತ್ತು ಹಾಕಿದ, ಎದೆ ಮುಂದೆ ಮಾಡಿ, ತೊಡೆ ತಟ್ಟಿಕೊಂಡು. ಆಗ ಹಲಗಿಯವನು ಯಾರೂ ಹೇಳದೆ ಬಾರಿಸಲಿಕ್ಕೆ ಶುರು ಮಾಡಿದ. ಸದ್ದು ಗೋದಾಮಿನ ಗೋಡೆಗೆ ಬಡಿದು ತಿರುಗಿ ಬಂತು, ಜನರ ಕೂಗು ಅದರ ಹಿಂದೆ ಬಂತು, ಇಬ್ಬರ ಹೆಸರನ್ನೂ ಕೂಡಿಸಿಕೊಂಡು.

ಅವನು ಟವೆಲ್ಲು ತೆಗೆದುಕೊಳ್ಳಲಿಕ್ಕೆ ಮೇಜಿಗೆ ಬಂದಾಗ ಅಂದಾನಪ್ಪ ಇನ್ನೊಂದು ಮೈಕು ಹಿಡಿದು ವೇದಿಕೆಯ ಮೇಲೆ ಸರಳ ಸಜ್ಜನಿಕೆಯ ಎಂದು ಶುರು ಮಾಡಿ ಮುಂದಿನದು ಸಿಗದೆ ತಡವರಿಸುತ್ತಿದ್ದ. ಇನ್ನು ಈ ಕಡೆಯ ವೇದಿಕೆಗಳಿಗೆ ತನ್ನನ್ನು ಯಾರೂ ಕರೆಯುವುದಿಲ್ಲ ಎಂದು ಬಸವೇಶ್ವರಿಗೆ ಹೊಳೆಯಿತು. ಹೊಳೆದದ್ದು ಸಂಕಟವಾಗಲಿಲ್ಲ, ಹಸಿವಾಯಿತು.

"ನೋವಾತೇನ್ರಿ?" ಎಂದು ಕೇಳಿದಳು.

"ಕತ್ತ ಭಾಳ ಹಿಡದೈತ್ರಿ" ಎಂದ ಇಬ್ರಾಹಿಂಸಾಬ, ಮತ್ತು ಹಲ್ಲೆಲ್ಲ ಕಾಣುವ ಹಾಗೆ ನಕ್ಕ. "ಎಷ್ಟ ದಿನದ ಮ್ಯಾಲೆ ಸೋತೆ ನೋಡ್ರಿ. ಮುಂದಿನ ತಿಂಗಳ ಬಾದಾಮ್ಯಾಗ ಐತಿ. ಈ ಹುಡುಗನ್ನ ಕೇಳೇನಿ, ಬರ್ತೇನಿ ಅಂದಾನ. ನೀವೂ ಬರ್ರಿ, ಅಕ್ಕಾರ. ಕಾರಿನ ಕಾಜಿನ್ಯಾಗಿಂದ ಅಲ್ಲ. ಕಣದ ಕಡೆ ಮಾರಿ ಮಾಡಿ ಕುಂದರ್ರಿ."

ಅಂದು ಬಾದಾಮಿಯಲ್ಲೂ ಇವನು ತನ್ನನ್ನು ಕಂಡಿದ್ದ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ, ಬೆನ್ನ ತುಂಬ ಕೆಮ್ಮಣ್ಣು, ಅದನ್ನು ಒರೆಸಿಕೊಂಡಿರಲಿಲ್ಲ. ಮುಂದಿನ ಜೋಡಿ ಕಣಕ್ಕಿಳಿದು ಒಬ್ಬರ ಮೈಗೊಬ್ಬರು ಮಣ್ಣು ಸವರಲಿಕ್ಕೆ ಶುರು ಮಾಡಿತ್ತು. ಬಸವೇಶ್ವರಿ ಕುರ್ಚಿಯ ಮೇಲಿನ ಬಿಳಿ ಟವೆಲ್ಲನ್ನು ಮಡಚಿ ಬದಿಗಿಟ್ಟು ಕೂತಳು, ಮೈಕನ್ನು ಬಾಯಿಯ ಹತ್ತಿರ ತಂದು ಕೇಳಿದಳು: "ಹೆಸರ ಹೇಳ್ರಿ. ಇಬ್ರದೂ."